ಜಾಜ್ ಡ್ರಮ್ಮರ್‌ನ ಎದುರು ಎಲ್ಲಿ ಕೂರಬೇಕು?

ಪ್ರಶ್ನೆ: ನ್ಯೂಯಾರ್ಕ್‌ನ ವಿಲೇಜ್ ವ್ಯಾನ್‌ಗಾರ್ಡ್ ಎಂಬ ಜಾಜ್ ಕ್ಲಬ್ಬಿಗೆ ಹೋಗುವವನಿದ್ದೇನೆ. ಡ್ರಮ್ಮರ್ ಕೈಕಾಲು ಚೆನ್ನಾಗಿ ಕಾಣಬೇಕಾದರೆ ಎಲ್ಲಿ ಕೂರಬೇಕು? ಏನನ್ನು ಗಮನಿಸಬೇಕು?

ಉತ್ತರ: 1935ರಲ್ಲಿ ಶುರುವಾದ ಈ ನೆಲಮಾಳಿಗೆ ಬಹಳ ಚಿಕ್ಕದು. ಟಿಕೆಟ್ ಒಂದು ಸೆಟ್‌ಗೆ (ಬಿಡುವಿಲ್ಲದೆ ನುಡಿಸುವ ಒಂದು ಸುತ್ತಿಗೆ) ಮಾತ್ರ. ಬೇಗ ಹೋದವರಿಗೆ ಒಳ್ಳೆಯ ಜಾಗ. ನಟ್ಟನಡುವೆ ಕೂತರೆ ಟಾಮ್‌ಗಳು (ಮುಂದಿರುವ ಚಿಕ್ಕ ಡ್ರಮ್‌ಗಳು) ಕೈಯನ್ನು ಮರೆಮಾಡುತ್ತವೆ. ಹೈ-ಹ್ಯಾಟ್ (ಕಾಲಿನಿಂದ ಮುಚ್ಚುವ ಜೋಡಿ ಲೋಹದ ತಟ್ಟೆ) ಇರುವ ಪಕ್ಕ ಆರಿಸಿಕೊಳ್ಳಿ. ಬಲಗೈ ಡ್ರಮ್ಮರ್ ನಿಮ್ಮತ್ತ ಮುಖಮಾಡಿ ಕೂತಿದ್ದರೆ ಅದು ನಿಮ್ಮ ಬಲಕ್ಕೆ ಬರುತ್ತದೆ.

ರಾಕ್ ಕೇಳಿ ರೂಢಿಯಾದವರು ಕಾಲಿನಿಂದ ಬಾರಿಸುವ ದೊಡ್ಡ ಬಾಸ್ ಡ್ರಮ್‌ನಲ್ಲಿ ತಾಳ ಹುಡುಕಿ ದಾರಿ ತಪ್ಪುತ್ತಾರೆ. 1940ರ ದಶಕದಲ್ಲಿ ಕೆನ್ನಿ ಕ್ಲಾರ್ಕ್ ಮುಂತಾದ ಡ್ರಮ್ಮರ್‌ಗಳು ತಾಳವನ್ನು ರೈಡ್ ಸಿಂಬಲ್‌ಗೆ (ಕೋಲಿನಿಂದ ಬಾರಿಸುವ ದೊಡ್ಡ ಲೋಹದ ತಟ್ಟೆಗೆ) ಸಾಗಿಸಿದರು. ಹಾಗಾಗಿ ಕಿವಿ ರೈಡ್ ಮೇಲಿರಲಿ. ನಾಲ್ಕು ಪೆಟ್ಟಿನ ಒಂದು ಬಾರ್‌ನಲ್ಲಿ (ಆವರ್ತದಲ್ಲಿ) ಹೈ-ಹ್ಯಾಟ್ 2 ಮತ್ತು 4ನೇ ಪೆಟ್ಟಿಗೆ ಮುಚ್ಚುತ್ತದೆ. ಕೋಲಿನ ಬದಲು ಬ್ರಷ್ ಹಿಡಿದಾಗ ಎಡಗೈ ನೋಡಿ: ಮುಂದಿನ ಸ್ನೇರ್ ಡ್ರಮ್ ಮೇಲೆ ಉಜ್ಜುತ್ತಾ ಸುತ್ತುತ್ತದೆ. ಚರ್ಮದ ಮೇಲೆ ಒರಟು ಲೇಪ ಇಲ್ಲದಿದ್ದರೆ ಆ ಸರಸರ ಸದ್ದು ಸರಿಯಾಗಿ ಹುಟ್ಟದು. ಹಾಡಿನ ಕೊನೆಯಲ್ಲಿ ಡ್ರಮ್ಮರ್ ಮತ್ತು ಇತರ ವಾದಕರು ಸರದಿಯಂತೆ ನಾಲ್ಕು ನಾಲ್ಕು ಬಾರ್ ಹಂಚಿಕೊಂಡಾಗ 16 ಪೆಟ್ಟು ಎಣಿಸಿ. ಡ್ರಮ್ಮರ್ ಎಷ್ಟೇ ಅಡ್ಡಾದಿಡ್ಡಿ ನುಡಿಸಿದರೂ 17ನೆಯದಕ್ಕೆ ಸ್ಯಾಕ್ಸೊಫೋನ್ ಎತ್ತಿಕೊಳ್ಳುತ್ತದೆ.

ಬಾಸ್ (ನಿಂತು ನುಡಿಸುವ ದೊಡ್ಡ ತಂತಿವಾದ್ಯ) ಒಂಟಿಯಾಗಿ ನುಡಿಸುವ ಸೋಲೊ ನಡುವೆ ಮಾತು ಬೇಡ, ಫೋನ್ ಜೇಬಿನಲ್ಲೇ ಇರಲಿ.