ಗ್ರೂಮ್ ಮಾಡಿದ ಫ್ಲವರ್‌ಹಾರ್ನ್‌ಗೆ 8,000 ರೂಪಾಯಿ ಕೊಡಬಹುದಾ? ಒಳ್ಳೆ ಮೀನು ಅಂತ ಗುರುತಿಸೋದು ಹೇಗೆ?

ಫ್ಲವರ್‌ಹಾರ್ನ್ ಅಂದರೆ ಹಣೆ ಗಡ್ಡೆಯಂತೆ ಉಬ್ಬುವ ಅಕ್ವೇರಿಯಂ ಮೀನು, ಆ ಉಬ್ಬಿಗೇ ಸಾಕುವವರು ‘ತಲೆ’ ಅನ್ನೋದು. ನೀವು ನೋಡಿದ ನಾಲ್ಕಿಂಚಿನ ಮೀನಿಗೆ ಆಗಲೇ ನಿಂಬೆಹಣ್ಣಿನಂಥ ತಲೆ, ಮೇಲೆ ಅಂಗಡಿಯವರ ‘ಫುಲ್ ಗ್ರೂಮ್ಡ್ ಪೀಸು ಸಾರ್’ (ಅಂದರೆ ತಲೆ, ಬಣ್ಣ ಬರೋ ಹಾಗೆ ಸಾಕಿ ತಯಾರು ಮಾಡಿದ್ದು) ಅನ್ನೋ ಗ್ಯಾರಂಟಿ. ನಿಮ್ಮ ಪ್ರಶ್ನೆ ಓದುತ್ತಿದ್ದಂತೆ ನನ್ನ ಹಳೆಯ ಬಿಲ್ಲೇ ಕಣ್ಣ ಮುಂದೆ ಬಂತು. ನಾನು ಕೊಟ್ಟಿದ್ದು ಆರೂವರೆ ಸಾವಿರ. ಹೆಂಡತಿಗೆ ಹೇಳಿದ್ದು ಎರಡು. ಬಿಲ್ಲು ಅವಳ ಕೈಗೆ ಸಿಕ್ಕಿದ ಕಥೆ ಇಲ್ಲಿ ಬೇಡ.

ಅಂಗಡಿಯಲ್ಲಿ ಸಾಲಾಗಿ ಚಿಕ್ಕ ಚಿಕ್ಕ ಟ್ಯಾಂಕುಗಳು. ಒಂದೊಂದರಲ್ಲಿ ಒಂದೊಂದು ಫ್ಲವರ್‌ಹಾರ್ನ್, ನಡುನಡುವೆ ರಟ್ಟು, ಎಲ್ಲದರ ಮೇಲೂ ಗುಲಾಬಿ ಲೈಟು. ನಾನೊಂದು ಮೀನು ತೋರಿಸಿದೆ. ಹುಡುಗ ಬಂದು ರಟ್ಟು ಎಳೆದ, ಅಷ್ಟೇ. ಪಕ್ಕದ ಗಂಡು ಕಂಡಿದ್ದೇ ತಡ, ಮೀನು ರೆಕ್ಕೆಗಳನ್ನೆಲ್ಲ ಬಿಚ್ಚಿ, ಕಿವಿರು ಉಬ್ಬಿಸಿ ಗಾಜಿಗೆ ಗುದ್ದತೊಡಗಿತು. ಎದೆಯ ಕೆಂಪು ಏರಿತು, ಪಕ್ಕೆಯ ಕಪ್ಪು ಮಚ್ಚೆಗಳು ಶಾಯಿ ಚೆಲ್ಲಿದ ಹಾಗೆ ಎದ್ದವು. ನಾನು ಪರ್ಸು ತೆಗೆದೆ.

ತಪ್ಪಾಗಿದ್ದು ಅಲ್ಲೇ. ದುಡ್ಡು ಜಾಸ್ತಿ ಕೊಟ್ಟಿದ್ದು ದೊಡ್ಡ ತಪ್ಪಲ್ಲ. ‘ರಟ್ಟು ವಾಪಸ್ ಹಾಕಿ, ಆ ಲೈಟು ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ನೋಡ್ತೀನಿ’ ಅಂತ ನಾನು ಕೇಳಲಿಲ್ಲ. ಈ ಜಾತಿಯ ಮೀನಿಗೆ ಎದುರಾಳಿ ಕಂಡರೆ ಬಣ್ಣ ಏರುವುದು ಸಹಜ, ಕನ್ನಡಿ ತೋರಿಸಿದರೂ ಏರುತ್ತದೆ. ದಿನಾ ಹೀಗೆ ಕೆಣಕುತ್ತಾ ಇದ್ದರೆ ಕೆಲವು ಮೀನಿನ ತಲೆಯೂ ಉಬ್ಬಿಕೊಂಡೇ ಇರುತ್ತದೆ, ಬಿಟ್ಟರೆ ಇಳಿಯುತ್ತದೆ. ಗುಲಾಬಿ ಲೈಟಿನ ಕೆಳಗೆ ಯಾವ ಕೆಂಪೂ ಎರಡರಷ್ಟು ಕಾಣುತ್ತದೆ. ಅಂದರೆ ನಾನು ನೋಡಿದ್ದು ಸಿಟ್ಟು ಬಂದ ಮೀನನ್ನು, ಅದೂ ಲೈಟಿನ ಬಣ್ಣದಲ್ಲಿ. ಅದು ಸುಮ್ನೆ ಇರುವಾಗ ಹೇಗಿರುತ್ತದೆ ಅಂತ ನೋಡಲೇ ಇಲ್ಲ. ತಿನ್ನುತ್ತದಾ ಅಂತಲೂ ಕೇಳಲಿಲ್ಲ. ಒಂದು ಕಾಳು ಪೆಲೆಟ್ (ಮೀನಿನ ಒಣ ಮೇವು) ಹಾಕಿಸಿದ್ದರೆ ಸಾಕಿತ್ತು, ಬಾಯಿಗೆ ತೆಗೆದುಕೊಂಡು ಉಗುಳುವುದು ಅಲ್ಲೇ ಗೊತ್ತಾಗುತ್ತಿತ್ತು.

ಮನೆಯ ಟ್ಯೂಬ್‌ಲೈಟಿನ ಕೆಳಗೆ ಅದು ಮಾಸಿದ ಮೀನು. ಹಾಕಿದ್ದನ್ನೆಲ್ಲ ಉಗುಳಿತು. ಆಮೇಲೆ ಹಿಂದೆ ಬಿಳೀ ದಾರದಂತೆ ಉದ್ದಕ್ಕೆ ಜೋತಾಡುವ ಮಲ. ಹೊಟ್ಟೆಯೊಳಗೆ ಪರಾವಲಂಬಿ ಇದ್ದರೆ ಹೀಗಾಗುತ್ತದೆ. ಹಣೆಯ ಮೇಲೆ ಸಾಸಿವೆ ಗಾತ್ರದ ಗುಳಿಗಳೂ ಬಂದವು. ಮೀನು ಸಾಕಿ ಅನುಭವವಿದ್ದ ಗೆಳೆಯನೊಬ್ಬ ಬಂದು ನೀರು ಬದಲಾಯಿಸಿ, 30 ಡಿಗ್ರಿಗೆ ಹೀಟರ್ ಇಡಿಸಿ, ಮೆಟ್ರೋನಿಡಜೋಲ್ ಎಂಬ ಔಷಧಿ ಕೊಡಿಸಿದ. ಮೀನು ಬದುಕಿತು. ತಲೆ ಮಾತ್ರ ಚಪ್ಪಟೆಯಾಯಿತು, ಗುಳಿಗಳ ಗುರುತು ಹೋಗಲೇ ಇಲ್ಲ.

ಹಾಗಾಗಿ ಗ್ರೂಮ್ ಆದ ಮೀನಿಗೆ ಎಂಟು ಸಾವಿರ ಸರಿಯಾ ಅನ್ನೋ ಪ್ರಶ್ನೆಯೇ ನನಗೆ ಹಿಡಿಸಲ್ಲ. ಗ್ರೂಮಿಂಗ್ ಅಂದರೆ ದಿನಾ ಮಾಡುವ ಕೆಲಸ: ನೀರು, ಮೇವು, ಬಿಸಿ, ಲೈಟು, ಕನ್ನಡಿ. ಮೀನು ಕವರಿಗೆ ಬಿದ್ದ ಕ್ಷಣ ಅದು ನಿಂತುಹೋಗುತ್ತದೆ. ನಿಮ್ಮ ಜೊತೆ ಮನೆಗೆ ಬರುವುದು ಆರೋಗ್ಯ ಮತ್ತು ತಳಿ, ಅವೆರಡೇ. ದುಡ್ಡು ಕೊಡುವುದಾದರೆ ಅವಕ್ಕೆ ಕೊಡಿ. ತಳಿಯಲ್ಲೂ ಗ್ಯಾರಂಟಿ ಕಡಿಮೆ. ಇದು ಯಾವ ಹೊಳೆಯಲ್ಲೂ ಹುಟ್ಟಿದ ಮೀನಲ್ಲ, 1990ರ ದಶಕದಲ್ಲಿ ಮಲೇಷ್ಯಾದಲ್ಲಿ ಸಿಕ್ಲಿಡ್ ಎಂಬ ಮೀನಿನ ಕುಟುಂಬದ ಬೇರೆ ಬೇರೆ ಜಾತಿಗಳನ್ನು ಬೆರಕೆ ಮಾಡಿ ಮಾಡಿದ್ದು. ಒಂದೇ ತಾಯಿಯ ಮರಿಗಳಲ್ಲೂ ಎಲ್ಲಕ್ಕೂ ತಲೆ ಬರಲ್ಲ.

ಇನ್ನೊಂದು. ಒಂದೂವರೆ ಇಂಚಿಗೇ ದೊಡ್ಡ ಮೀನಿನ ಬಣ್ಣ ತುಂಬಿದ್ದರೆ ನಾನಂತೂ ಮುಟ್ಟಲ್ಲ. ಬೇಗ ಬಣ್ಣ ಬರಲಿ ಅಂತ ಮೀಥೈಲ್ ಟೆಸ್ಟೋಸ್ಟಿರಾನ್ ಎಂಬ ಹಾರ್ಮೋನು ಮೇವಿಗೆ ಬೆರೆಸುವವರಿದ್ದಾರೆ. ನಿಲ್ಲಿಸಿದ ಮೇಲೆ ಬಣ್ಣ ಇಳಿಯುತ್ತದೆ. ಸಿಗಡಿ, ಸ್ಪಿರುಲಿನಾ ಎಂಬ ಪಾಚಿ ತಿನ್ನಿಸಿ ತರುವ ಕೆಂಪು ಬೇರೆ, ಅದರಲ್ಲಿ ಮೋಸವಿಲ್ಲ. ಆ ಬಣ್ಣವನ್ನು ಮೀನು ತಾನೇ ತಯಾರಿಸಲಾರದು, ಊಟದಿಂದಲೇ ಬರಬೇಕು.

ಅಂಗಡಿಗೆ ಹೋದರೆ ತಲೆಯನ್ನು ಕೊನೆಗೆ ನೋಡಿ. ಮೊದಲು ಹೊಟ್ಟೆ ಒಳಕ್ಕೆ ಹೋಗಿದೆಯಾ, ಬೆನ್ನು ನೆಟ್ಟಗಿದೆಯಾ, ಎರಡೂ ಕಿವಿರು ಸಮನಾಗಿ ಆಡುತ್ತಿವೆಯಾ, ಬಾಯಿ ಪೂರ್ತಿ ಮುಚ್ಚುತ್ತದಾ ನೋಡಿ. ಬೆರಳು ಆಡಿಸಿದರೆ ಬೆನ್ನಟ್ಟಿ ಬರಬೇಕು. ಹಾಕಿದ ಕಾಳು ನುಂಗಬೇಕು. ಫೋನಿನ ಟಾರ್ಚಿನಲ್ಲಿ ಹಣೆ ನೋಡಿ, ಗುಳಿ ಇದ್ದರೆ ನಮಸ್ಕಾರ ಹೇಳಿ ಬನ್ನಿ. ‘ಈಗ ತಿನ್ನಲ್ಲ ಸಾರ್, ಬೆಳಗ್ಗೆ ತಿಂದಿದೆ’ ಅಂದರೆ ‘ನಾಳೆ ಬೆಳಗ್ಗೆ ಬರ್ತೀನಿ’ ಅನ್ನಿ.

ನನ್ನ ಮಾತು ಕೇಳುವುದಾದರೆ ಎರಡೂವರೆ ಇಂಚಿನ ಚುರುಕಾದ ಮರಿ ತನ್ನಿ, ಕಮ್ಮಿ ದುಡ್ಡಿಗೆ ಸಿಗುತ್ತದೆ. ಉಳಿದದ್ದರಲ್ಲಿ ಒಳ್ಳೆ ಫಿಲ್ಟರ್ ಮತ್ತು ಹೀಟರ್ ಬರುತ್ತವೆ. ಬೆಂಗಳೂರಿನ ಡಿಸೆಂಬರಿನಲ್ಲಿ ಹೀಟರ್ ಇಲ್ಲದೆ ತಲೆ ಬರಲಿ ಅಂತ ಕೂತರೆ ಅದು ಬರಲ್ಲ. ಬೋರ್‌ವೆಲ್ ನೀರಿನ ಗಡಸು ಇದಕ್ಕೆ ತೊಂದರೆಯಿಲ್ಲ. ಕಾವೇರಿ ನೀರಾದರೆ ಕ್ಲೋರಿನ್ ತೆಗೆದು ಹಾಕಿ. ತಲೆ ಬರಿಸುವ ಪೆಲೆಟ್ ಯಾವುದು ಅಂತ ಕೇಳಿದ್ದೀರಿ. ಯಾವುದಾದರೂ ಒಳ್ಳೆ ಸಿಕ್ಲಿಡ್ ಪೆಲೆಟ್ ಸಾಕು, ನೀರು ಬದಲಾಯಿಸಲು ಸೋಮಾರಿತನ ಬೇಡ ಅಷ್ಟೇ.

ಈ ಮೀನು ಮನೆಗೆ ಅದೃಷ್ಟ ತರುತ್ತದೆ ಅನ್ನೋ ವಾಸ್ತುವಿನ ಮಾತಿನ ಬಗ್ಗೆ ನಾನು ಏನೂ ಹೇಳಲ್ಲ, ನಮ್ಮತ್ತೆ ಇದನ್ನೆಲ್ಲ ಓದುತ್ತಾರೆ. ಗಂಡೇ ಬೇಕು ಅಂದರೆ ಮಾತ್ರ ಬಿಲ್ಲಿನಲ್ಲಿ ‘ಗಂಡು’ ಅಂತ ಬರೆಸಿಕೊಳ್ಳಿ. ಮರಿಯಲ್ಲಿ ಗಂಡು ಹೆಣ್ಣು ಹೇಳೋದು ಅನುಭವ ಇದ್ದವರಿಗೂ ಕಷ್ಟ. ನಮ್ಮ ಪಕ್ಕದ ಮನೆಯವರ ‘ಗ್ಯಾರಂಟಿ ಗಂಡು’ ಮೊನ್ನೆ ಟ್ಯಾಂಕಿನ ಗಾಜಿನ ತುಂಬ ಮೊಟ್ಟೆ ಇಟ್ಟಿದೆ.