ಹಿಂದಿನ ಸೀಟಿನ ಕಿವಿ

ನನ್ನ ಹತ್ತಿರ ಆಪ್ತಸಲಹೆಗೆ ಬಂದ ಒಂದು ಮನೆಯ ಕಥೆ ಇದು. ಆ ಮನೆಯವರ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ಗುರುತು ಸಿಗಬಾರದು ಅಂತ ಕೆಲವು ವಿವರಗಳನ್ನು ಬದಲಾಯಿಸಿದ್ದೇನೆ. ಹುಡುಗಿಯನ್ನು ಪುಟ್ಟಿ ಅಂತ ಕರೆಯುತ್ತೇನೆ. ಮಂಡ್ಯ ಕಡೆ ಮನೆಮನೆಗೂ ಒಬ್ಬ ಪುಟ್ಟಿ ಇರುವುದರಿಂದ ಯಾರ ಗುಟ್ಟೂ ರಟ್ಟಾಗುವುದಿಲ್ಲ.

ಜನವರಿ ಮೊದಲ ವಾರ. ಮಂಡ್ಯದ ನನ್ನ ಕೋಣೆಗೆ ನಾಲ್ಕು ಜನ ಒಟ್ಟಿಗೆ ಬಂದರು. ಅಪ್ಪ, ಅಮ್ಮ, ಅಪ್ಪನ ತಾಯಿ, ಜೊತೆಗೆ 10 ವರ್ಷದ ಪುಟ್ಟಿ. ಮೂವರು ದೊಡ್ಡವರು ಕೂತರು. ಪುಟ್ಟಿ ಕೂರಲಿಲ್ಲ. ಅಪ್ಪ ಎಲ್ಲಿ, ಅಮ್ಮ ಎಲ್ಲಿ ಅಂತ ಒಮ್ಮೆ ನೋಡಿಕೊಂಡಳು. ಆಮೇಲೆ ಮೂಲೆಯಲ್ಲಿದ್ದ ಸ್ಟೂಲನ್ನು ಎಳೆದು ತಂದು ಸರಿಯಾಗಿ ಅವರಿಬ್ಬರ ನಡುವೆ ಹಾಕಿಕೊಂಡು ಕೂತಳು. ನಾನು ಅದನ್ನು ನೋಡಿದೆ. ಬರೆದುಕೊಂಡೆ ಕೂಡ. ಅರ್ಥ ಆಗಿದ್ದು ಮಾತ್ರ ಮುಂದಿನ ವಾರ.

ಅಪ್ಪನಿಗೆ ಗೊಬ್ಬರ, ಬೀಜದ ಅಂಗಡಿ. ಮಾತು ಶುರು ಮಾಡಿದ್ದು ಅವರೇ. "ಬೆಂಗ್ಳೂರ್‌ವರ್ಗೂ ಕರ್ಕೊಂಡೋದ್ವಿ ಮೇಡಂ. ಸ್ಟೇಜ್ ಹತ್ತಿದ್ಲು. ಬಾಯಿ ಆಡಿಸಿದ್ಲು, ದನೀನೇ ಬರ್ಲಿಲ್ಲ."

ನಡೆದದ್ದು ಇಷ್ಟು. ಪುಟ್ಟಿ ಎರಡು ವರ್ಷದಿಂದ ಸಂಗೀತದ ಕ್ಲಾಸಿಗೆ ಹೋಗುತ್ತಾಳೆ. ಅಲ್ಲಿನ 22 ಮಕ್ಕಳ ಗಾಯನ ವೃಂದಕ್ಕೆ ಡಿಸೆಂಬರಿನ ಒಂದು ಭಾನುವಾರ ಬೆಂಗಳೂರಿನಲ್ಲಿ ಹಾಡುವ ಅವಕಾಶ ಬಂತು. ಮನೆಯವರೆಲ್ಲ ಕಾರಿನಲ್ಲಿ ಹೊರಟರು. ದಾರಿಯಲ್ಲಿ ರಾಮನಗರದ ಹತ್ತಿರ ಹುಡುಗಿ ವಾಂತಿ ಮಾಡಿಕೊಂಡಳು. ಸಂಜೆ ವೇದಿಕೆಯ ಮೇಲೆ ಎಲ್ಲರ ಜೊತೆ ತುಟಿ ಅಲ್ಲಾಡಿಸಿದಳು, ಅಷ್ಟೇ. ಎದುರಿಗೆ ನಿಂತು ಕೈ ಆಡಿಸುತ್ತಿದ್ದ ಸಂಗೀತದ ಮಿಸ್‌ಗೆ ಮೊದಲ ಸಾಲಿನಲ್ಲೇ ಗೊತ್ತಾಗಿತ್ತು. ಅಂದಿನಿಂದ ಕ್ಲಾಸಿಗೆ ಹೋಗುತ್ತಿಲ್ಲ. ಕ್ಲಾಸ್ ಇರುವುದು ಶನಿವಾರ, ಹೊಟ್ಟೆನೋವು ಬರುವುದೂ ಶನಿವಾರ. ಮಕ್ಕಳ ಡಾಕ್ಟರ್ ನೋಡಿ, ಹೊಟ್ಟೆಯಲ್ಲಿ ಏನೂ ತೊಂದರೆ ಇಲ್ಲ ಅಂದರು. ಮಿಸ್ ನನ್ನ ನಂಬರ್ ಕೊಟ್ಟು ಕಳಿಸಿದರು. ಹೊಟ್ಟೆನೋವು ಅಂದರೆ ಮೊದಲು ಡಾಕ್ಟರ್, ಆಮೇಲೆ ನಮ್ಮಂಥವರು. ಈ ಮನೆಯವರು ಅದನ್ನು ಸರಿಯಾಗಿಯೇ ಮಾಡಿದ್ದರು.

ವೇದಿಕೆಯ ಭಯ ಅಂತ ನಾನೂ ಅಂದುಕೊಂಡೆ. ಮೊದಲ ದಿನ ಪುಟ್ಟಿಯೊಬ್ಬಳನ್ನೇ ಕೂರಿಸಿಕೊಂಡು, ಭಯ ಆದಾಗ ಬಾಯಿ ಯಾಕೆ ಒಣಗುತ್ತದೆ, ಎದೆ ಯಾಕೆ ಡವಡವ ಅನ್ನುತ್ತದೆ ಅಂತೆಲ್ಲ ಹೇಳಿದೆ. ಉಸಿರನ್ನು ಒಳಗೆ ತಗೊಳ್ಳುವುದಕ್ಕಿಂತ ಜಾಸ್ತಿ ಹೊತ್ತು ಹೊರಗೆ ಬಿಡು ಅಂತ ತೋರಿಸಿದೆ. ಹುಡುಗಿ ಬಹಳ ಮರ್ಯಾದೆಯಿಂದ ಕೇಳಿಸಿಕೊಂಡಳು. ಕೊನೆಗೆ, "ಅದು ನಂಗೆ ಗೊತ್ತು ಆಂಟಿ. ಮಿಸ್ ಹೇಳ್ಕೊಟ್ಟಿದಾರೆ" ಅಂದಳು.

ಆಮೇಲೆ ಅವಳೇ ನನಗೆ ಪಾಠ ಮಾಡಿದಳು. ಗುಂಪಿನಲ್ಲಿ ಉದ್ದದ ಸಾಲು ಹಾಡುವಾಗ ಎಲ್ಲರೂ ಒಟ್ಟಿಗೆ ಉಸಿರು ತಗೋಬಾರದಂತೆ. ತಗೊಂಡರೆ ಹಾಡು ನಡುವೆ ತುಂಡಾಗುತ್ತದೆ. ಪಕ್ಕದವಳು ಹಾಡುತ್ತಿರುವಾಗ ನಾನು ತಗೋಬೇಕು, ನಾನು ಹಾಡುತ್ತಿರುವಾಗ ಅವಳು. ಕೇಳುವವರಿಗೆ ಯಾರೂ ಉಸಿರೇ ತಗೊಂಡಿಲ್ಲ ಅನ್ನಿಸಬೇಕು. "ಅದಕ್ಕೇ ನಾನು ಹಾಡ್ದೆ ಇದ್ರೂ ಗೊತ್ತಾಗಲ್ಲ ಅನ್ಕೊಂಡೆ."

ಉಸಿರಿನ ಲೆಕ್ಕ ಇಷ್ಟು ಚೆನ್ನಾಗಿ ಗೊತ್ತಿರುವ ಮಗುವಿಗೆ ಉಸಿರಾಟದ ಪಾಠ ಹೇಳಿಕೊಟ್ಟು ನಾನು ಒಂದು ಗಂಟೆ ಹಾಳು ಮಾಡಿದ್ದೆ.

ಮುಂದಿನ ವಾರ ಅಪ್ಪನಿಗೆ ಮೊಬೈಲಿನಲ್ಲಿದ್ದ ವಿಡಿಯೊ ತರಲು ಹೇಳಿದ್ದೆ. ಅದನ್ನು ಶಬ್ದ ಪೂರ್ತಿ ತೆಗೆದು ನೋಡಿದೆ. ಹಾಡು ಕೇಳಿಸದಿದ್ದರೆ ಮುಖಗಳು ಚೆನ್ನಾಗಿ ಕಾಣುತ್ತವೆ. ಎರಡನೇ ಸಾಲಿನಲ್ಲಿ, ಎಡದಿಂದ ಮೂರನೆಯವಳು ಪುಟ್ಟಿ. ಉಳಿದ 21 ಮಕ್ಕಳ ಕಣ್ಣು ಮಿಸ್‌ನ ಕೈ ಮೇಲಿದೆ. ಪುಟ್ಟಿಯ ಮುಖ ಮಾತ್ರ ಬಲಕ್ಕೆ ತಿರುಗುತ್ತದೆ, ಆಮೇಲೆ ಸಭಾಂಗಣದ ಹಿಂಭಾಗಕ್ಕೆ, ಮತ್ತೆ ಬಲಕ್ಕೆ, ಮತ್ತೆ ಹಿಂದಕ್ಕೆ. ಹಾಡು ಮುಗಿಯುವವರೆಗೂ ಇದೇ. ಹೆದರಿದ ಮಗು ನೆಲ ನೋಡುತ್ತದೆ, ಇಲ್ಲ ಲಂಗ ಹಿಂಡುತ್ತದೆ. ಇವಳು ಎರಡನ್ನೂ ಮಾಡುತ್ತಿಲ್ಲ, ಯಾರನ್ನೋ ಕಾಯುತ್ತಿದ್ದಾಳೆ.

"ಇಲ್ಲಿ ಯಾರಿದ್ರು ಪುಟ್ಟಿ?"

"ಅಮ್ಮ."

"ಹಿಂದೆ?"

"ಅಪ್ಪ. ಬೇರೆ ಬೇರೆ ಕೂತಿದ್ರು."

ನಿಜ ಏನೆಂದರೆ ಅಪ್ಪ ಕೂತೇ ಇರಲಿಲ್ಲ. ಮುಂದಿನವರ ತಲೆ ಅಡ್ಡ ಬರುತ್ತದೆ ಅಂತ ಹಿಂದೆ ಹೋಗಿ ನಿಂತು ಇದೇ ವಿಡಿಯೊ ತೆಗೆಯುತ್ತಿದ್ದರು. ಆದರೆ ಆ ದಿನ ಬೆಳಗಿನಿಂದ ಕಾರಿನಲ್ಲಿ ನಡೆದದ್ದನ್ನು ಕೇಳಿಸಿಕೊಂಡಿದ್ದ ಮಗುವಿಗೆ ಅದು ಬೇರೆಯೇ ಆಗಿ ಕಂಡಿತ್ತು.

ಕಾರಿನ ಕಥೆ ನನಗೆ ಮೂರು ಬಾಯಲ್ಲಿ ಸಿಕ್ಕಿತು. ಅಪ್ಪ ಎರಡು ಸಾಲಿನಲ್ಲಿ ಮುಗಿಸಿದರು. ಅಮ್ಮ ಅಳುತ್ತ ಹೇಳಿದರು. ಸರಿಯಾಗಿ ಹೇಳಿದ್ದು ಅಜ್ಜಿ.

ಹಾಡು ಇದ್ದದ್ದು ಸಂಜೆ 5ಕ್ಕೆ. ಮಂಡ್ಯದಿಂದ ಬೆಂಗಳೂರು ಸುಮಾರು 100 ಕಿಲೋಮೀಟರ್. ಬೆಳಗ್ಗೆ ಏಳಕ್ಕೇ ಹೊರಟಿದ್ದು ಯಾಕೆ ಅಂದರೆ ಅದೇ ದಿನ ಅಮ್ಮನ ಅಣ್ಣನ ಮನೆಯ ಗೃಹಪ್ರವೇಶ ಇತ್ತು. ಹೇಗೂ ಹೋಗುತ್ತೇವಲ್ಲ, ಅದನ್ನೂ ಮುಗಿಸಿಬಿಡೋಣ ಅಂತ. ಜೊತೆಗೆ ಅಪ್ಪನ ಅಂಗಡಿಯ ಒಂದು ಹಳೇ ಬಾಕಿ ವಸೂಲಿ. ಹೀಗೆ ಮಗಳ ಹಾಡಿನ ಹೆಸರಲ್ಲಿ ಹೊರಟ ಕಾರಿಗೆ ಮೂರು ಕೆಲಸ ಹತ್ತಿಕೊಂಡವು.

ಮೊದಲ ಮಾತು ಬೆಳೆದದ್ದು ಮದ್ದೂರಿನಲ್ಲಿ. 2023ರಲ್ಲಿ ಹೊಸ ಎಕ್ಸ್‌ಪ್ರೆಸ್‌ವೇ ಆದಮೇಲೆ ಕಾರುಗಳು ಮದ್ದೂರಿನೊಳಗೆ ಹೋಗುವುದೇ ಇಲ್ಲ, ಮೇಲಿನಿಂದಲೇ ದಾಟಿಬಿಡುತ್ತವೆ. ಅಜ್ಜಿಗೆ ವಡೆ ಬೇಕಿತ್ತು. ಮಗ ನಿಲ್ಲಿಸಲಿಲ್ಲ. "ಮದ್ದೂರ್ ದಾಟಿ ವಡೆ ತಿನ್ದೆ ಹೋಗಿದ್ದು ನನ್ನ ಜಲ್ಮದಲ್ಲೇ ಮೊದ್ಲು ಕಣವ್ವ" ಅಂತ ಅಜ್ಜಿ ನನ್ನ ಮುಂದೆಯೂ ಹೇಳಿಕೊಂಡರು. ಸೊಸೆ ಅತ್ತೆಯ ಪರ ಮಾತಾಡಿದಳು. ಅಲ್ಲಿಂದ ಮಾತು ಮುಯ್ಯಿಗೆ ಹೋಯಿತು. ಗೃಹಪ್ರವೇಶಕ್ಕೆ ಎಷ್ಟು ಮುಯ್ಯಿ ಹಾಕುವುದು? ಅಪ್ಪನ ಲೆಕ್ಕದಲ್ಲಿ 2,000 ಸಾಕು. ಅಮ್ಮ ಆಗಲೇ ಹೇಳದೆ ಕೇಳದೆ ಒಂದು ಜೊತೆ ಬೆಳ್ಳಿ ದೀಪ ತಂದಿಟ್ಟಿದ್ದರು. ಅದು ಡಿಕ್ಕಿಯಲ್ಲೇ ಇತ್ತು. ಅಪ್ಪ ಸ್ಟೀರಿಂಗ್ ಹಿಡಿದೇ ಲೆಕ್ಕ ಹಾಕಿದರು. ಪೆಟ್ರೋಲ್, ಟೋಲ್, ದೀಪ, ಹುಡುಗಿಗೆ ಹೊಲಿಸಿದ ಬಿಳಿ ಲಂಗ. "ಒಂದು ದಿನಕ್ಕೆ ಇಷ್ಟು ದುಡ್ಡು. ಎಲ್ಲ ಈ ಹಾಡಿನಿಂದ."

ಅಮ್ಮ, "ಹಂಗಾದ್ರೆ ನನ್ನ ಇಲ್ಲೇ ಇಳಿಸಿಬಿಡಿ. ಬಸ್ಸಲ್ಲಿ ಹೋಗ್ತೀನಿ" ಅಂದರು.

ಆ ರಸ್ತೆಯಲ್ಲಿ ಓಡಾಡಿದವರಿಗೆ ಇದು ಬರೀ ಕೋಪದ ಮಾತು ಅಂತ ಗೊತ್ತು. ಎರಡೂ ಕಡೆ ಬೇಲಿ. ಬೈಕು, ಆಟೋಗೂ ಪ್ರವೇಶ ಇಲ್ಲ. ಇಳಿದರೂ ಅಲ್ಲಿ ಬಸ್ಸು ಹತ್ತುವ ಜಾಗ ಇಲ್ಲ. ಪುಟ್ಟಿಗೆ ಇದೆಲ್ಲ ಗೊತ್ತಿಲ್ಲ. ಅವಳು ಕಿಟಕಿಯಿಂದ ಬಸ್ ಸ್ಟಾಪ್ ಹುಡುಕಲು ಶುರು ಮಾಡಿದಳು. "ಕಂಡ್ರೆ ಅಮ್ಮ ಇಳಿದುಬಿಡ್ತಾಳೆ ಅಂತ, ಕಾಣದೇ ಇರಲಿ ಅಂತ ನೋಡ್ತಿದ್ದೆ" ಅಂದಳು. ಈ ಮಾತನ್ನು ಅವಳು ಹೇಳಿದ್ದು ನನ್ನ ಮೇಜಿನ ಮೇಲಿದ್ದ ಪೆನ್ಸಿಲ್‌ಗಳನ್ನು ಎತ್ತರದ ಪ್ರಕಾರ ಜೋಡಿಸುತ್ತ, ತಲೆ ಎತ್ತದೆ.

ಮಕ್ಕಳು ಮನೆಯಲ್ಲಿ ಜಗಳ ಕೇಳಿದರೆ ಎದ್ದು ಹೋಗುತ್ತಾರೆ. ಹಟ್ಟಿ ಮುಂದಕ್ಕೋ, ಪಕ್ಕದ ಮನೆಗೋ, ಅಜ್ಜಿಯ ಕೋಣೆಗೋ. ಕಾರಿನಲ್ಲಿ ಎಲ್ಲಿಗೆ ಹೋಗುವುದು? ಬೆಲ್ಟ್ ಬೇರೆ ಹಾಕಿರುತ್ತೇವೆ. ಮುಂದೆ ಕೂತವರಿಗೆ ಹಿಂದಿನ ಮುಖ ಕಾಣುವುದಿಲ್ಲ, ಹಾಗಾಗಿ ನಿದ್ದೆ ಮಾಡುತ್ತಿದ್ದಾರೆ ಅಂತ ಅಂದುಕೊಂಡು ಮಾತಾಡುತ್ತಾರೆ. ನನ್ನ ಹತ್ತಿರ ಬರುವ ಮಕ್ಕಳು ಮನೆಯ ಸಾಲ, ಆಸ್ತಿ, ನೆಂಟರ ವಿಷಯ ತಿಳಿದುಕೊಂಡಿರುವುದು ಎಷ್ಟೋ ಸಲ ಹಿಂದಿನ ಸೀಟಿನಿಂದಲೇ. ಅವರ ಕಿವಿಗೆ ಬೀಳುವುದು ಅರ್ಧ. ಉಳಿದರ್ಧವನ್ನು ಅವರೇ ಕಟ್ಟಿಕೊಳ್ಳುತ್ತಾರೆ. ಕಟ್ಟಿಕೊಂಡದ್ದರಲ್ಲಿ ತಪ್ಪು ಯಾವಾಗಲೂ ತಮ್ಮದೇ.

ವಾಂತಿಯ ವಿಷಯ ಬೇರೆ. ಮನೆಯವರು ಅದನ್ನೂ ಭಯದ ಲೆಕ್ಕಕ್ಕೆ ಸೇರಿಸಿದ್ದರು. ಕೇಳಿ ನೋಡಿದರೆ, ಜಗಳ ಕೇಳಿಸಬಾರದು ಅಂತ ಪುಟ್ಟಿ ಆಮೇಲೆ ಮೊಬೈಲಿನಲ್ಲಿ ಹಾಡಿನ ಸಾಲುಗಳನ್ನು ಓದುತ್ತ ಕೂತಿದ್ದಳು. ಓಡುವ ಕಾರಿನಲ್ಲಿ ತಲೆ ತಗ್ಗಿಸಿ ಓದಿದರೆ ಕಣ್ಣು ಏನೂ ಅಲ್ಲಾಡುತ್ತಿಲ್ಲ ಅನ್ನುತ್ತದೆ, ಒಳಗಿವಿ ಚಲಿಸುತ್ತಿದ್ದೇವೆ ಅನ್ನುತ್ತದೆ. ಈ ತಿಕ್ಕಾಟಕ್ಕೇ ಹೊಟ್ಟೆ ತೊಳೆಸುವುದು. 2ರಿಂದ 12 ವರ್ಷದ ಮಕ್ಕಳಲ್ಲಿ ಇದು ಜಾಸ್ತಿ. ಕಾರಿನಲ್ಲಿ ಮೊಬೈಲ್, ಪುಸ್ತಕ ಬೇಡ, ದೂರದ ರಸ್ತೆ ಕಾಣುವ ಹಾಗೆ ಕೂರಿಸಿ, ಹೊರಡುವ ಮುಂಚೆ ಎರಡು ಇಡ್ಲಿ ಸಾಕು, ಕಿಟಕಿ ಸ್ವಲ್ಪ ತೆಗೆದಿರಿ ಅಂದೆ. "ನಾನು ಹೆದರಿದ್ದಕ್ಕೆ ವಾಂತಿ ಆಗಿದ್ದಲ್ವಾ?" ಅಂತ ಪುಟ್ಟಿ ಎರಡು ಸಲ ಕೇಳಿದಳು. ಅಲ್ಲ ಅಂದಾಗ ಅವಳ ಭುಜ ಕೆಳಗಿಳಿದದ್ದು ಕಾಣಿಸಿತು.

ಗಂಡ ಹೆಂಡತಿಯನ್ನು ಮಾತ್ರ ಕರೆದು ಮಾತಾಡಿದ್ದು ಮೂರನೇ ಭೇಟಿಯಲ್ಲಿ. ಜಗಳ ಆಮೇಲೆ ಏನಾಯಿತು ಅಂತ ಕೇಳಿದೆ. ಇಬ್ಬರೂ ಮುಖ ನೋಡಿಕೊಂಡು ನಕ್ಕರು. ಅವತ್ತು ರಾತ್ರಿ ಮನೆಗೆ ಬಂದು, ಟೀ ಮಾಡಿಕೊಂಡು, ಹನ್ನೆರಡರವರೆಗೆ ಮಾತಾಡಿ ಎಲ್ಲ ಸರಿ ಮಾಡಿಕೊಂಡಿದ್ದರಂತೆ. ದೀಪ ಕೊಟ್ಟದ್ದು ಒಳ್ಳೆಯದೇ ಆಯಿತು ಅಂತ ಗಂಡ ಒಪ್ಪಿಕೊಂಡಿದ್ದರಂತೆ.

"ಪುಟ್ಟಿ ಎಲ್ಲಿದ್ದಳು?"

"ಮಲಗಿಬಿಟ್ಟಿದ್ಲು ಮೇಡಂ. ಕಾರಲ್ಲೇ ನಿದ್ದೆ."

ನೋಡಿ, ಜಗಳ ಮಗುವಿನ ಮುಂದೆ, ರಾಜಿ ಮಗು ಮಲಗಿದ ಮೇಲೆ. ಮನೆಮನೆಯಲ್ಲೂ ನಾವು ಮಾಡುವುದು ಇದನ್ನೇ. ಅಮೆರಿಕದ ಮನಶ್ಶಾಸ್ತ್ರಜ್ಞ ಮಾರ್ಕ್ ಕಮಿಂಗ್ಸ್ ಮತ್ತು ಅವರ ಜೊತೆಗಾರರು ಅಪ್ಪ ಅಮ್ಮನ ಜಗಳ ಮಕ್ಕಳಿಗೆ ಏನು ಮಾಡುತ್ತದೆ ಅನ್ನುವುದನ್ನು ಬಹಳ ವರ್ಷ ಅಭ್ಯಾಸ ಮಾಡಿದ್ದಾರೆ. ಜಗಳ ಮುಗಿದದ್ದು ಗೊತ್ತಾದ ಮಕ್ಕಳಿಗೆ ಸಂಕಟ ಕಡಿಮೆ, ಬಾಗಿಲ ಹಿಂದೆ ರಾಜಿಯಾಗಿ ಆಮೇಲೆ ಅದನ್ನು ಮಗುವಿಗೆ ಹೇಳಿದರೂ ಉಪಯೋಗ ಇದೆ ಅನ್ನುವುದು ಅವರ ಕೆಲಸದಿಂದ ಗೊತ್ತಾಗಿದೆ. ಹಾಗಾಗಿ ಜಗಳ ಆಡಲೇಬೇಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಹೇಳಿದರೂ ಯಾರು ಕೇಳುತ್ತಾರೆ?

ಅವರಿಗೆ ಹೇಳಿದ್ದು ಇದು. ಇವತ್ತೇ ಮನೆಗೆ ಹೋಗಿ ಇಬ್ಬರೂ ಒಟ್ಟಿಗೆ ಕೂತು, ಆ ರಾತ್ರಿ ರಾಜಿಯಾದದ್ದನ್ನು ಪುಟ್ಟಿಗೆ ಹೇಳಿ. ಟೀ ಕುಡಿದದ್ದನ್ನೂ ಹೇಳಿ, ಮಕ್ಕಳಿಗೆ ಅಂಥ ವಿವರ ಬೇಕು. ಬಸ್ಸಿನ ಮಾತು ಬರೀ ಸಿಟ್ಟಿಗೆ ಬಂದದ್ದು ಅಂತ ಅಮ್ಮ ತಮ್ಮ ಬಾಯಲ್ಲೇ ಹೇಳಬೇಕು. "ಈ ಹಾಡಿನಿಂದ" ಅಂದದ್ದು ತಪ್ಪು ಅಂತ ಅಪ್ಪ ಹೇಳಬೇಕು. ಅಪ್ಪ ಸ್ವಲ್ಪ ಹಿಂದೇಟು ಹಾಕಿದರು. ಮಗಳ ಹತ್ತಿರ ತಪ್ಪಾಯಿತು ಅನ್ನುವುದಾ? ಅನ್ನಿ ಸಾರ್, ದುಡ್ಡು ಖರ್ಚಾಗಲ್ಲ ಅಂದೆ. ಅಂಗಡಿಯವರಿಗೆ ಈ ಭಾಷೆ ಬೇಗ ನಾಟುತ್ತದೆ.

ಇನ್ನು ಮುಂದೆ ಕಾರಿನಲ್ಲಿ ದುಡ್ಡು ಮತ್ತು ನೆಂಟರ ವಿಷಯ ಬೇಡ. ತಡೆಯಲಾಗದಿದ್ದರೆ ಕಾರು ನಿಲ್ಲಿಸಿ, ಇಳಿದು ಮಾತಾಡಿ, ಹತ್ತಿದ ಮೇಲೆ ಮುಗಿಯಿತು ಅಂತ ಹಿಂದೆ ತಿರುಗಿ ಹೇಳಿ. ಮಗುವಿನ ಕಾರ್ಯಕ್ರಮದ ದಿನಕ್ಕೆ ಬೇರೆ ಕೆಲಸ ಅಂಟಿಸಬೇಡಿ, ಅಂಟಿಸಲೇಬೇಕಾದರೆ ಹಿಂದಿನ ದಿನವೇ ಅವಳಿಗೆ ತಿಳಿಸಿ. ಸಭಾಂಗಣದಲ್ಲಿ ಎಲ್ಲಿ ಕೂರುತ್ತೀರಿ ಅಂತ ಮೊದಲೇ ಹೇಳಿ ಅಲ್ಲೇ ಕೂತಿರಿ. ವಿಡಿಯೊವನ್ನು ಬೇರೆ ಯಾರ ಹತ್ತಿರವಾದರೂ ಇಸಿದುಕೊಳ್ಳಬಹುದು. ಯಾಕೆ ಹಾಡಲಿಲ್ಲ ಅನ್ನುವ ಪ್ರಶ್ನೆ ಇವತ್ತಿಗೆ ಸಾಕು. ಕ್ಲಾಸಿಗೆ ಯಾವಾಗ ಹೋಗಬೇಕು ಅನ್ನುವುದು ಪುಟ್ಟಿಗೆ ಬಿಟ್ಟದ್ದು. ಸ್ಕೂಲಿಗೂ ಹೋಗಲ್ಲ ಅಂದರೆ, ಊಟ ನಿದ್ದೆ ಕೆಟ್ಟರೆ ಮಾತ್ರ ಕಾಯಬೇಡಿ. ರಾತ್ರಿ ಹೊತ್ತು ನಾನು ಸಿಗದಿದ್ದರೆ ಸರ್ಕಾರದ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು ಅಂತ ಬರೆದುಕೊಟ್ಟೆ.

ದನಿ ಮೊದಲು ಹೊರಗೆ ಬಂದದ್ದು ನಾನು ಅಂದುಕೊಂಡ ಕಡೆಯಿಂದಲ್ಲ. ಅವರೆಕಾಯಿ ಕಾಲ. ಸಂಜೆ ಅಜ್ಜಿ ಜಗಲಿಯಲ್ಲಿ ಕಾಯಿ ಸುಲಿಯುತ್ತ ಸೋಬಾನೆ ಪದ ಹೇಳಿಕೊಳ್ಳುತ್ತಿದ್ದರಂತೆ. ಪುಟ್ಟಿ ಪಕ್ಕದಲ್ಲಿ ಕೂತು ಕಾಳು ಹಿತುಕುತ್ತಿದ್ದಳು. ಅಜ್ಜಿಗೆ ದಮ್ಮು ಸಾಲದೆ ಸಾಲಿನ ನಡುವೆ ನಿಂತರು. ಹುಡುಗಿ ಸುಮ್ನೆ ಅಲ್ಲಿಂದ ಎತ್ತಿಕೊಂಡಳು. ಯಾರೂ ಹೇಳಿಕೊಟ್ಟದ್ದಲ್ಲ. "ನಾನು ಉಸ್ರು ತಗಳಗಂಟ ಅವ್ಳು ಹಿಡ್ಕಂಡಿರ್ತಾಳೆ, ಬುಡದೇ ಇಲ್ಲ" ಅಂತ ಅಜ್ಜಿ ಬಂದು ಹೇಳಿದರು. ಅದನ್ನು ದೊಡ್ಡದು ಮಾಡಬೇಡಿ, ಚಪ್ಪಾಳೆ ಬೇಡ, ಮೊಬೈಲ್ ಅಂತೂ ಬೇಡವೇ ಬೇಡ ಅಂದೆ. ಮೂರು ವಾರದ ಮೇಲೆ ಪುಟ್ಟಿ ತಾನೇ ಕ್ಲಾಸಿಗೆ ಹೋದಳು. ವೇದಿಕೆಗೆ ಇನ್ನೂ ಒಪ್ಪಿಲ್ಲ. ಆಗಾಗ ಶನಿವಾರ ಹೊಟ್ಟೆ ಸ್ವಲ್ಪ ನೋಯುತ್ತದೆ.

ಕೊನೆಯ ಸಲ ಎಲ್ಲರೂ ಬಂದಾಗ ಅಪ್ಪ ಒಂದು ಸಂಗತಿ ಹೇಳಿ ನಕ್ಕರು. ಮೈಸೂರಿಗೆ ಹೊರಟಿದ್ದರಂತೆ. ಶ್ರೀರಂಗಪಟ್ಟಣದ ಹತ್ತಿರ ದಾರಿ ತಪ್ಪಿ, ಇಬ್ಬರ ದನಿಯೂ ಏರತೊಡಗಿತು. ಹಿಂದಿನಿಂದ ಪುಟ್ಟಿ, "ಕಾರಲ್ಲಿ ಬೇಡ ಅಂತ ಆಂಟಿ ಹೇಳಿದಾರೆ. ಇಳಿದು ಮಾತಾಡಿ" ಅಂದಳಂತೆ. ಅಮ್ಮನಿಗೂ ಹೆಮ್ಮೆ.

ನನಗೆ ನಗು ಬರಲಿಲ್ಲ. ವೇದಿಕೆ ಮೇಲೆ ನಿಂತು ಅಪ್ಪ ಅಮ್ಮನನ್ನು ಕಾಯುತ್ತಿದ್ದ ಹುಡುಗಿ ಈಗ ಕಾರಿನಲ್ಲಿ ಕಾಯುತ್ತಿದ್ದಾಳೆ, ಅಷ್ಟೇ ಅಲ್ವಾ? ಅದಕ್ಕೆ ಡ್ಯೂಟಿ ಹಾಕಿಕೊಟ್ಟವಳು ನಾನೇ. ಈ ಕಾವಲು ಕೆಲಸ ಅವಳಿಂದ ತೆಗೆದುಬಿಡಿ, ದೊಡ್ಡವರು ಯಾರಾದರೂ ವಹಿಸಿಕೊಳ್ಳಿ ಅಂದೆ. ಅಪ್ಪ ಅಮ್ಮ ಸುಮ್ಮನಾದರು. ಪುಟ್ಟಿ ಅಜ್ಜಿಯ ಕಡೆ ನೋಡಿದಳು.

ಅಜ್ಜಿ ಎಲೆಅಡಿಕೆ ಚೀಲದ ದಾರ ಎಳೆದು ಕಟ್ಟುತ್ತ, "ನಂಗೇ ಕೊಡಿ ಕಣವ್ವ" ಅಂದರು. "ಆದ್ರೆ ಜಗಳ ಶುರುವಾದ್ರೆ ನಾನು ಕಾರು ನಿಲ್ಲಿಸೋದು ಮದ್ದೂರಲ್ಲೇಯಾ."