ಕ್ರಿಮಿನಲ್ ಕೇಸ್ ಇದ್ದವರನ್ನು ಮಕ್ಕಳಿಗೆ ಪಾಠ ಮಾಡಲು ಬಿಡಬಹುದೇ?

ಎಲ್ಲ ಕೇಸುಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಎಸಗಿ ಶಿಕ್ಷೆಯಾದವರನ್ನು ಮಾತ್ರ ಯಾವತ್ತೂ ತರಗತಿಯೊಳಗೆ ಬಿಡಬಾರದು. ಜೈಲು ಮುಗಿಸಿ ಬಂದಿದ್ದರೂ ಅಷ್ಟೇ. ಬದುಕಲು ಬೇರೆ ಕೆಲಸಗಳಿವೆ.

ಆದರೆ ನಮ್ಮ ಕಲಬುರಗಿ ಕಡೆ ನೋಡಿ. ತೊಗರಿ ಬೆಲೆಗಾಗಿ ರಸ್ತೆಗಿಳಿದ ಹುಡುಗನ ಮೇಲೆ ಕೇಸ್ ಬೀಳಬಹುದು. ಹೊಲದ ಬದುವಿನ ಜಗಳದಲ್ಲಿ ಮನೆಮಂದಿಯ ಹೆಸರೆಲ್ಲ ಎಫ್‌ಐಆರ್‌ಗೆ ಸೇರಬಹುದು. ಅಂಥವನು ಬಿ.ಎಡ್. ಮುಗಿಸಿ ಬಂದರೆ ಬಾಗಿಲು ಹಾಕುವುದು ಅನ್ಯಾಯ ಅಲ್ವಾ? ಎಫ್‌ಐಆರ್ ಆಗಿದೆ ಅಂದರೆ ತಪ್ಪು ಸಾಬೀತಾಗಿದೆ ಅಂತ ಅಲ್ಲ. 2016ರ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ಮಾತು ಹೇಳಿದೆ. ಚಿಕ್ಕ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಸಣ್ಣ ಕೇಸನ್ನು ಅಭ್ಯರ್ಥಿ ಹೇಳದೇ ಇದ್ದರೂ, ಕೆಲಸ ಕೊಡುವವರು ಅದನ್ನು ಬದಿಗಿಡಬಹುದು.

ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೊ ಕಾಯ್ದೆಯ 2020ರ ನಿಯಮಗಳ ಪ್ರಕಾರ ಶಾಲೆ, ಶಿಶುವಿಹಾರ, ಕ್ರೀಡಾ ಅಕಾಡೆಮಿಗಳು ಸಿಬ್ಬಂದಿಯ ಪೊಲೀಸ್ ಪರಿಶೀಲನೆಯನ್ನು ಆಗಾಗ ಮಾಡಿಸಲೇಬೇಕು. ಸುಮ್ನೆ ಸೇರಿಸಿಕೊಳ್ಳುವಾಗ ಒಮ್ಮೆ ಮಾಡಿ ಬಿಡುವುದಲ್ಲ. ಪರಿಶೀಲನೆ ಆಗಿದೆಯೇ ಎಂದು ಶಾಲೆಯವರನ್ನು ಕೇಳಿ, ಅದರಲ್ಲಿ ಸಂಕೋಚ ಬೇಡ.

ನನಗೆ ಜಾಸ್ತಿ ಭಯ ಇರುವುದು ಮನೆ ಟ್ಯೂಷನ್ ಬಗ್ಗೆ. ಅಲ್ಲಿ ಯಾರೂ ಏನೂ ವಿಚಾರಿಸುವುದಿಲ್ಲ. ‘ಸರ್ ಭಾಳ ಛಲೋ ಕಲಿಸ್ತಾರ’ ಎಂಬ ಒಂದು ಮಾತಿಗೆ ಮಗುವನ್ನು ಕಳಿಸಿಬಿಡುತ್ತೇವೆ. ಬಾಗಿಲು ತೆರೆದ ಕೋಣೆಯಲ್ಲೇ ಪಾಠ ನಡೆಯಲಿ. ಮಗು ‘ಅಲ್ಲಿಗೆ ಹೋಗಲ್ಲ’ ಎಂದು ಅತ್ತರೆ ಗದರಿಸದೆ ಕಾರಣ ಕೇಳಿ. ಅನುಮಾನ ಬಂದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.